ರೋಧ ಜಾಸ್ತಿಯಾದರೆ ಬಿಸಿ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

ಹೈಸ್ಕೂಲಿನಲ್ಲಿ ವಿದ್ಯುತ್ ಪಾಠ ಮುಗಿದ ಮೇಲೂ ಅನೇಕ ಮಕ್ಕಳಲ್ಲಿ ಒಂದು ಗೊಂದಲ ಉಳಿದುಬಿಡುತ್ತದೆ. ಪವರ್ ಲೆಕ್ಕ ಹಾಕಲು ಪುಸ್ತಕದಲ್ಲಿ ಎರಡು ಸೂತ್ರ ಕೊಟ್ಟಿರುತ್ತಾರೆ. ಕರೆಂಟಿನ ವರ್ಗವನ್ನು ರೋಧದಿಂದ, ಅಂದರೆ ಹರಿವಿಗೆ ವಸ್ತು ಒಡ್ಡುವ ತಡೆಯಿಂದ, ಗುಣಿಸಿ ಎನ್ನುತ್ತದೆ ಒಂದು. ಹಾಗಾದರೆ ರೋಧ ಹೆಚ್ಚಿದಷ್ಟೂ ಬಿಸಿ ಹೆಚ್ಚಬೇಕು. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿ ಎನ್ನುತ್ತದೆ ಇನ್ನೊಂದು. ಹಾಗಾದರೆ ರೋಧ ಹೆಚ್ಚಿದಷ್ಟೂ ಬಿಸಿ ಕಡಿಮೆಯಾಗಬೇಕು. ಎರಡೂ ಸರಿ ಅಂತ ಮೇಷ್ಟ್ರು ಹೇಳುತ್ತಾರೆ. ಪರೀಕ್ಷೆಯಲ್ಲಿ ಎರಡರಿಂದಲೂ ಒಂದೇ ಉತ್ತರ ಬರುತ್ತದೆ. ಆದರೆ ಒಂದಕ್ಕೊಂದು ಉಲ್ಟಾ ಮಾತಾಡುವ ಎರಡು ಸೂತ್ರಗಳು ಒಟ್ಟಿಗೆ ಸರಿಯಾಗುವುದು ಹೇಗೆ?

ಇದು ಪರೀಕ್ಷೆಗಷ್ಟೇ ಬೇಕಾದ ಪ್ರಶ್ನೆಯಲ್ಲ. ಸಂಜೆ ಹೊತ್ತು ಗೀಸರ್ ನೀರು ಯಾಕೆ ತಡವಾಗಿ ಕಾಯುತ್ತದೆ, ಪ್ಲಗ್ ಯಾಕೆ ಕಪ್ಪಗಾಗುತ್ತದೆ, ಬೀದಿಯ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕಟ್ ಆದರೆ ಕೆಲವು ಮನೆಗಳ ಟಿವಿ ಮಾತ್ರ ಯಾಕೆ ಸುಡುತ್ತದೆ, ತೋಟದ ಮೋಟರ್ ಲೋ ವೋಲ್ಟೇಜಿನಲ್ಲಿ ಯಾಕೆ ಕೈಕೊಡುತ್ತದೆ. ಇವೆಲ್ಲದರ ಉತ್ತರ ಇದೇ ಗೊಂದಲದೊಳಗಿದೆ. ಲೆಕ್ಕವೇನೋ ಬರೀ ಗುಣಾಕಾರ, ಭಾಗಾಕಾರ. ಯಾವುದು ಬದಲಾಗದೆ ನಿಂತಿದೆ, ಯಾವುದು ಬದಲಾಗುತ್ತಿದೆ ಎಂದು ಗುರುತಿಸುವುದೇ ನಿಜವಾದ ಕೆಲಸ. ಪಾಠದಲ್ಲಿ ಅದಕ್ಕೆ ಸಿಗಬೇಕಾದಷ್ಟು ಸಮಯ ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ಮೊದಲು ಮೂಲ ಅಳತೆಗಳನ್ನು ನೋಡೋಣ. ತಂತಿಯಲ್ಲಿ ಹರಿಯುವುದು ವಿದ್ಯುದಂಶ. ಅದನ್ನು ಕೂಲಂಬ್‌ಗಳಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡಿಗೆ ಒಂದು ಕೂಲಂಬ್ ಹರಿದರೆ ಅದು ಒಂದು ಆಂಪಿಯರ್ ಕರೆಂಟ್. ಮಾತಿನಲ್ಲಿ ನಾವು "ಕರೆಂಟ್ ಹೋಯ್ತು" ಅಂತ ಇಡೀ ವಿದ್ಯುತ್ತಿಗೇ ಕರೆಂಟ್ ಎನ್ನುತ್ತೇವೆ. ಈ ಲೇಖನದಲ್ಲಿ ಮಾತ್ರ ಕರೆಂಟ್ ಎಂದರೆ ಆಂಪಿಯರ್‌ನಲ್ಲಿ ಅಳೆಯುವ ಹರಿವು ಅಷ್ಟೆ. ಇನ್ನು ವೋಲ್ಟೇಜ್. ಅದು ಪ್ರತಿ ಕೂಲಂಬ್ ಎಷ್ಟು ಶಕ್ತಿ ಕೊಟ್ಟು ಹೋಗುತ್ತದೆ ಎಂಬುದರ ಅಳತೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅಂದರೆ ಗೀಸರ್ ಮೂಲಕ ಹಾದುಹೋಗುವ ಪ್ರತಿ ಕೂಲಂಬ್ ಅಲ್ಲಿ 230 ಜೂಲ್ ಶಕ್ತಿ ಬಿಟ್ಟು ಹೋಗುತ್ತದೆ.

ಇಷ್ಟು ತಿಳಿದರೆ ಪವರ್ ಸೂತ್ರವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಸೆಕೆಂಡಿಗೆ ಎಷ್ಟು ಕೂಲಂಬ್ ಹರಿಯಿತು ಎಂಬುದು ಕರೆಂಟ್. ಒಂದೊಂದು ಕೂಲಂಬ್ ಎಷ್ಟು ಜೂಲ್ ಕೊಟ್ಟಿತು ಎಂಬುದು ವೋಲ್ಟೇಜ್. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ ಎಷ್ಟು ಜೂಲ್ ಎಂದು ಸಿಗುತ್ತದೆ. ಅದೇ ವ್ಯಾಟ್.

ಪವರ್ = ವೋಲ್ಟೇಜ್ × ಕರೆಂಟ್

ರೋಧ ಇನ್ನೂ ಸುಲಭ. ಒಂದು ವಸ್ತುವಿನ ಎರಡು ತುದಿಗಳ ನಡುವೆ ಇಷ್ಟು ವೋಲ್ಟೇಜ್ ಇದ್ದಾಗ ಅದರೊಳಗೆ ಎಷ್ಟು ಕರೆಂಟ್ ಹರಿಯುತ್ತದೆ ಎಂದು ಅಳೆದು, ಭಾಗಿಸಿದರೆ ಆಯಿತು. ಉತ್ತರ ಓಮ್‌ಗಳಲ್ಲಿ ಬರುತ್ತದೆ.

ರೋಧ = ವೋಲ್ಟೇಜ್ ÷ ಕರೆಂಟ್

ಇವೆರಡೇ ಅಡಿಪಾಯ. ಮೊದಲು ಹೇಳಿದ ಎರಡು ಉಲ್ಟಾ ಸೂತ್ರಗಳು ಇವುಗಳಿಂದ ಹುಟ್ಟಿದವು. ಪವರ್ ಸೂತ್ರದಲ್ಲಿ ವೋಲ್ಟೇಜ್ ಬದಲು "ಕರೆಂಟ್ × ರೋಧ" ಎಂದು ಬರೆದರೆ ಒಂದು ಬರುತ್ತದೆ. ಕರೆಂಟ್ ಬದಲು "ವೋಲ್ಟೇಜ್ ÷ ರೋಧ" ಎಂದು ಬರೆದರೆ ಇನ್ನೊಂದು ಬರುತ್ತದೆ.

ಗೀಸರ್ ಲೆಕ್ಕ

2,000 ವ್ಯಾಟ್, 230 ವೋಲ್ಟ್ ಎಂದು ಬರೆದಿರುವ ಗೀಸರ್ ತೆಗೆದುಕೊಳ್ಳೋಣ. 2,000 ಅನ್ನು 230ರಿಂದ ಭಾಗಿಸಿದರೆ ಕರೆಂಟ್ ಸುಮಾರು 8.7 ಆಂಪಿಯರ್. 230 ಅನ್ನು 8.7ರಿಂದ ಭಾಗಿಸಿದರೆ ರೋಧ ಸುಮಾರು 26.45 ಓಮ್. ಗೀಸರ್ ಯಾಕೆ ದೊಡ್ಡ 16 ಆಂಪಿಯರ್ ಸಾಕೆಟ್ ಕೇಳುತ್ತದೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಸಣ್ಣ 6 ಆಂಪಿಯರ್ ಸಾಕೆಟ್ ತಡೆಯುವುದು ಹೆಚ್ಚೆಂದರೆ 6 × 230, ಅಂದರೆ 1,380 ವ್ಯಾಟ್. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ ಅದು ಸಾಕು. 2,000 ವ್ಯಾಟಿನ ಇಂಡಕ್ಷನ್ ಒಲೆಗೆ ಸಾಲದು. ಅಡಾಪ್ಟರ್ ಹಾಕಿ ಹೇಗೋ ಚುಚ್ಚಿದರೂ ಲೆಕ್ಕ ಬದಲಾಗುವುದಿಲ್ಲ.

ಈಗ ಸಂಜೆ ಏಳು ಗಂಟೆ. ಊರೆಲ್ಲ ದೀಪ ಹಾಕಿದೆ. ವೋಲ್ಟೇಜ್ 180ಕ್ಕೆ ಇಳಿದಿದೆ. ಗೀಸರ್ ಈಗ ಎಷ್ಟು ವ್ಯಾಟ್ ಎಳೆಯುತ್ತದೆ? ಕೆಲವರು "2,000 ವ್ಯಾಟ್ ಅಂತ ಬರೆದಿದೆ, ಅಷ್ಟೇ ಎಳೆಯುತ್ತೆ" ಎನ್ನುತ್ತಾರೆ. ಇನ್ನು ಕೆಲವರು "ವೋಲ್ಟೇಜ್ ಕಡಿಮೆ ಆದ್ದರಿಂದ ಕರೆಂಟ್ ಜಾಸ್ತಿ ಎಳೆದು ಸರಿದೂಗಿಸುತ್ತೆ" ಎನ್ನುತ್ತಾರೆ. ಎರಡೂ ತಪ್ಪು. ಗೀಸರ್ ಒಳಗಿನ ಕಾಯಿಲ್‌ಗೆ ಮೇಲೆ ಏನು ಬರೆದಿದೆ ಎಂದು ತಿಳಿಯದು. ಅದಕ್ಕಿರುವುದು ತನ್ನ 26.45 ಓಮ್ ರೋಧ ಮಾತ್ರ. 180 ÷ 26.45, ಅಂದರೆ 6.8 ಆಂಪಿಯರ್ ಹರಿಯುತ್ತದೆ. ಪವರ್ 180 × 6.8, ಸುಮಾರು 1,225 ವ್ಯಾಟ್.

ವೋಲ್ಟೇಜ್ ಇಳಿದದ್ದು ಶೇ. 22ರಷ್ಟು. ಪವರ್ ಇಳಿದದ್ದು ಶೇ. 39ರಷ್ಟು. ವೋಲ್ಟೇಜ್ ಕುಗ್ಗಿದಾಗ ಕರೆಂಟೂ ಜೊತೆಗೇ ಕುಗ್ಗುತ್ತದೆ, ಹಾಗಾಗಿ ಪೆಟ್ಟು ಎರಡು ಸಲ ಬೀಳುತ್ತದೆ. ವೋಲ್ಟೇಜಿನ ವರ್ಗ ಎನ್ನುವುದರ ಅರ್ಥ ಅದೇ.

ಇದನ್ನು ನಿಮಿಷಗಳಲ್ಲಿ ನೋಡಿದರೆ ಇನ್ನೂ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಬೇಕು ಎಂದುಕೊಳ್ಳಿ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4,186 ಜೂಲ್ ಬೇಕು. ಒಟ್ಟು 15 × 30 × 4,186, ಅಂದರೆ ಹತ್ತಿರಹತ್ತಿರ 18.8 ಲಕ್ಷ ಜೂಲ್. 2,000 ವ್ಯಾಟ್ ಇದ್ದಾಗ ಇದಕ್ಕೆ 16 ನಿಮಿಷ ಹಿಡಿಯುತ್ತದೆ. 1,225 ವ್ಯಾಟ್ ಇದ್ದಾಗ 26 ನಿಮಿಷ. ಬಿಲ್ ವಿಷಯಕ್ಕೆ ಬಂದರೆ ಎರಡು ಸಲವೂ ಖರ್ಚಾಗುವುದು ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಲೋ ವೋಲ್ಟೇಜಿನಿಂದ ಗೀಸರ್ ಬಿಲ್ ಏರುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಾಳಾಗುವುದು ಸಮಯ. ತಡವಾಗಿ ಕಾಯುವಾಗ ಹೊರಗೆ ಸೋರುವ ಒಂದಿಷ್ಟು ಶಾಖ ಬಿಟ್ಟರೆ ಯೂನಿಟ್ ಲೆಕ್ಕ ಅಷ್ಟೇ ಇರುತ್ತದೆ.

ನಿಮ್ಮ ಗೀಸರ್ ನಿಜವಾಗಿ ಎಷ್ಟು ಎಳೆಯುತ್ತಿದೆ ಎಂದು ತಂತಿ ಮುಟ್ಟದೆಯೇ ಅಳೆಯಬಹುದು. ಮನೆಯ ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, ನೋಡಿದ್ದೀರಾ? ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಮೀಟರಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. 3,200 ಎಂದು ಇದೆ ಅಂದುಕೊಳ್ಳಿ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. 3,200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1,125 ಜೂಲ್. ಮನೆಯ ಬೇರೆಲ್ಲ ಸ್ವಿಚ್ ಆಫ್ ಮಾಡಿ, ಗೀಸರ್ ಮಾತ್ರ ಹಾಕಿ, 20 ಮಿನುಗಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. 11 ಸೆಕೆಂಡ್ ಚಿಲ್ಲರೆ ಬಂದರೆ ಪವರ್ ಸುಮಾರು 2,000 ವ್ಯಾಟ್. 18 ಸೆಕೆಂಡ್ ಬಂದರೆ ಬರೀ 1,250. ಎಷ್ಟೋ ಮೀಟರ್‌ಗಳು ಪರದೆಯ ಮೇಲೆ ವೋಲ್ಟೇಜನ್ನೂ ತೋರಿಸುತ್ತವೆ. ಪವರ್ ಮತ್ತು ವೋಲ್ಟೇಜ್ ಗೊತ್ತಾದರೆ ಕರೆಂಟ್, ರೋಧ ಎರಡೂ ಗೊತ್ತಾದಂತೆಯೇ.

ಕಪ್ಪಗಾದ ಪ್ಲಗ್

ಗೀಸರ್ ಕಾಯಿಲಿನಲ್ಲಿ ರೋಧ ಕಡಿಮೆಯಾದಷ್ಟೂ ಬಿಸಿ ಹೆಚ್ಚು. 3,000 ವ್ಯಾಟಿನ ಗೀಸರಿಗೆ ರೋಧ 17.6 ಓಮ್ ಮಾತ್ರ. ಇಲ್ಲಿ ಭಾಗಾಕಾರದ ಸೂತ್ರ ನೇರವಾಗಿ ಕೆಲಸ ಮಾಡುತ್ತದೆ. ಯಾಕೆಂದರೆ ಕಾಯಿಲಿನ ಎರಡು ತುದಿಗೂ ಲೈನಿನ 230 ವೋಲ್ಟ್ ನೇರವಾಗಿ ಸಿಗುತ್ತಿದೆ. ಕಾಯಿಲ್ ಯಾವುದೇ ಇರಲಿ, ವೋಲ್ಟೇಜ್ ಬದಲಾಗುವುದಿಲ್ಲ.

ಅದೇ ಗೀಸರಿನ ಪ್ಲಗ್ ನೋಡಿ. ಸಾಕೆಟ್ ಹಳೆಯದು, ಒಳಗಿನ ಹಿಡಿತ ಸಡಿಲವಾಗಿದೆ. ಆ ಸಡಿಲ ಜಾಗದಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡಿದೆ. ಒಟ್ಟು ರೋಧ 26.45ರಿಂದ 26.95ಕ್ಕೆ ಏರಿತು. ಕರೆಂಟ್ 8.7ರಿಂದ ಸುಮಾರು 8.5ಕ್ಕೆ ಇಳಿಯಿತು. ಗೀಸರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಆ ಅರ್ಧ ಓಮ್ ಜಾಗದಲ್ಲಿ 8.5 × 8.5 × 0.5, ಅಂದರೆ ಸುಮಾರು 36 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೋ, ಟಿವಿ ರಿಪೇರಿಯವರು ಬಳಸುವ ಸಾಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟ್. ಸೀಸ, ತವರ ಕರಗಿಸಲು ಅದು ಸಾಕು. ಅದಕ್ಕಿಂತ ಜಾಸ್ತಿ ಬಿಸಿ ಉಗುರಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ಮಧ್ಯೆ ಹುಟ್ಟಿದರೆ ಏನಾಗುತ್ತದೆ? ಮೊದಲು ವಾಸನೆ, ಆಮೇಲೆ ಕಪ್ಪು ಕಲೆ, ಆಮೇಲೆ ಕರಗಿದ ಸಾಕೆಟ್. ಬಿಸಿಗೆ ಲೋಹ ಇನ್ನಷ್ಟು ಕಿಲುಬು ಹಿಡಿದು ರೋಧ ಮತ್ತೆ ಏರುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಮಾತ್ರ ಬೀಳುವುದಿಲ್ಲ, ಯಾಕೆಂದರೆ ಒಟ್ಟು ಕರೆಂಟ್ ಇಳಿದಿದೆಯೇ ಹೊರತು ಏರಿಲ್ಲ. ನನ್ನನ್ನು ಕೇಳಿದರೆ ಮನೆಯ ವಿದ್ಯುತ್ ಬಗ್ಗೆ ಪ್ರತಿಯೊಬ್ಬರೂ ತಿಳಿದಿರಬೇಕಾದ ಮೊದಲ ಲೆಕ್ಕ ಇದು. ಪ್ಲಗ್ ಬಿಸಿಯಾಗುತ್ತಿದ್ದರೆ ಅದನ್ನು ಸುಮ್ನೆ ಬಿಡಬೇಡಿ.

ಇಲ್ಲಿ ರೋಧ ಜಾಸ್ತಿಯಾದಷ್ಟೂ ಬಿಸಿ ಜಾಸ್ತಿ. ಗುಣಾಕಾರದ ಸೂತ್ರ ಹೇಳಿದಂತೆಯೇ ಆಯಿತು. ಈ ಸಡಿಲ ಜಾಗ ಗೀಸರಿನ ದಾರಿಯಲ್ಲಿ ಸರಣಿಯಾಗಿ, ಅಂದರೆ ಒಂದೇ ಕರೆಂಟ್ ಎರಡನ್ನೂ ಒಂದಾದ ಮೇಲೊಂದು ಹಾದುಹೋಗುವಂತೆ, ಕೂತಿದೆ. ಅದರ ಮೂಲಕ ಎಷ್ಟು ಕರೆಂಟ್ ಹೋಗಬೇಕು ಎಂದು ತೀರ್ಮಾನ ಮಾಡುವುದು ಗೀಸರಿನ 26 ಓಮ್, ಪ್ಲಗ್ಗಿನ ಅರ್ಧ ಓಮ್ ಅಲ್ಲ. ಆದ್ದರಿಂದ ಕರೆಂಟ್ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ.

ಗೊಂದಲದ ಗಂಟು ಬಿಚ್ಚಿಕೊಳ್ಳುವುದು ಇಲ್ಲೇ. ಒಂದು ವಸ್ತು ನೇರವಾಗಿ ಲೈನಿಗೆ ಸೇರಿದ್ದರೆ ಅದರ ವೋಲ್ಟೇಜ್ ಸ್ಥಿರ, ಆಗ ರೋಧ ಕಡಿಮೆ ಇರುವುದೇ ಜಾಸ್ತಿ ಬಿಸಿ. ಬೇರೊಂದು ದೊಡ್ಡ ರೋಧದ ಜೊತೆ ಸರಣಿಯಲ್ಲಿದ್ದರೆ ಅದರ ಕರೆಂಟ್ ಸ್ಥಿರ, ಆಗ ರೋಧ ಹೆಚ್ಚಿರುವುದೇ ಜಾಸ್ತಿ ಬಿಸಿ. ಪ್ಲಗ್ಗಿಗೂ ಭಾಗಾಕಾರದ ಸೂತ್ರ ಹಾಕಬಹುದು. ಆದರೆ 230 ಹಾಕಬಾರದು. ಆ ಸಡಿಲ ಜಾಗದ ಈಚೆ-ಆಚೆ ತುದಿಗಳ ನಡುವೆ ಇರುವ ವೋಲ್ಟೇಜ್ ಹಾಕಬೇಕು. ಅದು 8.5 × 0.5, ಅಂದರೆ 4.25 ವೋಲ್ಟ್. 4.25ರ ವರ್ಗವನ್ನು 0.5ರಿಂದ ಭಾಗಿಸಿ ನೋಡಿ. ಅದೇ 36 ವ್ಯಾಟ್. ಯಾವ ವಸ್ತುವಿನ ಪವರ್ ಬೇಕೋ ಅದೇ ವಸ್ತುವಿನ ತುದಿಗಳ ವೋಲ್ಟೇಜ್, ಅದೇ ವಸ್ತುವಿನೊಳಗಿನ ಕರೆಂಟ್ ಬಳಸಿದರೆ ಸೂತ್ರಗಳು ಎಂದೂ ಜಗಳ ಆಡುವುದಿಲ್ಲ.

ಮುರಿದ ಕಾಯಿಲನ್ನು ತಿರುಚಿ ಮತ್ತೆ ಬಳಸುವುದರಲ್ಲಿ ಎರಡು ಸೂತ್ರಗಳೂ ಒಟ್ಟಿಗೆ ಕಾಣಿಸುತ್ತವೆ. ಹಾಸ್ಟೆಲ್, ರೂಮುಗಳಲ್ಲಿ ಇದ್ದವರಿಗೆ ಮಣ್ಣಿನ ತಟ್ಟೆಯ ಕರೆಂಟ್ ಒಲೆ ಗೊತ್ತಿರುತ್ತದೆ. ಸುರುಳಿ ತಂತಿ ತುಂಡಾದರೆ ಎರಡು ತುದಿ ಎಳೆದು ತಿರುಚಿ ಮತ್ತೆ ಹಚ್ಚುತ್ತಾರೆ. 1,000 ವ್ಯಾಟಿನ ಕಾಯಿಲ್ 52.9 ಓಮ್. ಹತ್ತನೇ ಒಂದು ಭಾಗ ಸುಟ್ಟು ಹೋಗಿ ಉಳಿದದ್ದು 47.6 ಓಮ್ ಎಂದರೆ ಪವರ್ 1,111 ವ್ಯಾಟ್ ಆಗುತ್ತದೆ. ಇಡೀ ಕಾಯಿಲ್ ಮೊದಲಿಗಿಂತ ಕೆಂಪಗೆ ಉರಿಯುತ್ತದೆ. ಅದರ ಮೇಲೆ, ತಿರುಚಿದ ಗಂಟು ಸರಣಿಯಲ್ಲಿ ಕೂತಿದೆ. ಅಲ್ಲಿ ಹಿಡಿತ ಸಡಿಲ, ರೋಧ ಜಾಸ್ತಿ, ಹಾಗಾಗಿ ಬಿಸಿಯೂ ಜಾಸ್ತಿ. ಕಾಯಿಲ್ ಮತ್ತೆ ತುಂಡಾಗುವುದು ಬಹುತೇಕ ಆ ಗಂಟಿನಲ್ಲೇ.

ಎರಡು ಬಲ್ಬ್, ಎರಡು ಮನೆ

ಪಿಯುಸಿ ಮಕ್ಕಳಿಗೆ ಕೇಳುವ ಒಂದು ಹಳೆಯ ಪ್ರಶ್ನೆಯಿದೆ. 100 ವ್ಯಾಟ್ ಮತ್ತು 40 ವ್ಯಾಟಿನ ಎರಡು ಹಳೇ ಫಿಲಮೆಂಟ್ ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿ 230 ವೋಲ್ಟ್ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? 100 ವ್ಯಾಟಿನದು 529 ಓಮ್. 40 ವ್ಯಾಟಿನದು 1,322 ಓಮ್. ಎರಡರಲ್ಲೂ ಒಂದೇ ಕರೆಂಟ್, ಸುಮಾರು 0.124 ಆಂಪಿಯರ್. ವರ್ಗ ಮಾಡಿ ಗುಣಿಸಿದರೆ 100 ವ್ಯಾಟಿನ ಬಲ್ಬಿಗೆ ಸಿಗುವುದು 8 ವ್ಯಾಟ್, 40 ವ್ಯಾಟಿನದಕ್ಕೆ 20 ವ್ಯಾಟ್. ಸಣ್ಣ ಬಲ್ಬೇ ಗೆದ್ದಿತು.

ಪುಸ್ತಕದ ಆಟ ಎಂದು ಇದನ್ನು ಪಕ್ಕಕ್ಕಿಡುವಂತಿಲ್ಲ. ನ್ಯೂಟ್ರಲ್ ಕಟ್ ಆದಾಗ ಬೀದಿಯಲ್ಲಿ ನಡೆಯುವುದು ಇದೇ. ಕಂಬದ ಮೇಲೆ ಮೂರು ಫೇಸ್ (ವಿದ್ಯುತ್ ತರುವ ತಂತಿಗಳು), ಒಂದು ನ್ಯೂಟ್ರಲ್ ಹೋಗುತ್ತವೆ. ಒಂದೊಂದು ಮನೆಗೆ ಒಂದು ಫೇಸ್ ಮತ್ತು ನ್ಯೂಟ್ರಲ್ ಕೊಟ್ಟಿರುತ್ತಾರೆ, ಆಗ 230 ವೋಲ್ಟ್ ಸಿಗುತ್ತದೆ. ಎರಡು ಫೇಸ್‌ಗಳ ನಡುವೆ ಇರುವುದು ಸುಮಾರು 400 ವೋಲ್ಟ್. ಮರದ ಕೊಂಬೆ ಬಿದ್ದು ನ್ಯೂಟ್ರಲ್ ತುಂಡಾಯಿತು ಎನ್ನಿ. ಈಗ ಒಂದು ಫೇಸಿನ ಮನೆಯೂ ಇನ್ನೊಂದು ಫೇಸಿನ ಮನೆಯೂ ತಮಗೆ ಗೊತ್ತಿಲ್ಲದೆ 400 ವೋಲ್ಟಿನ ನಡುವೆ ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದರಲ್ಲಿ ಗೀಸರ್ ಉರಿಯುತ್ತಿದೆ, 26.45 ಓಮ್. ಇನ್ನೊಂದರಲ್ಲಿ 100 ವ್ಯಾಟಿನಷ್ಟು ಸಣ್ಣ ಲೋಡ್ ಇದೆ, 529 ಓಮ್. ವೋಲ್ಟೇಜ್ ರೋಧದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತದೆ. ಗೀಸರ್ ಮನೆಗೆ 19 ವೋಲ್ಟ್, ಇನ್ನೊಂದಕ್ಕೆ 381 ವೋಲ್ಟ್!

ಬರೀ ಒಂದು ದೀಪ, ಒಂದು ಟಿವಿ ಹಾಕಿಕೊಂಡು ಕೂತಿದ್ದ ಮನೆಗೇ ಪೆಟ್ಟು ಜಾಸ್ತಿ. ನಿಜವಾದ ಬೀದಿಯಲ್ಲಿ ಮೂರು ಫೇಸಿನ ಹತ್ತಾರು ಮನೆಗಳು ಸೇರಿರುವುದರಿಂದ ಹಂಚಿಕೆ ಇಷ್ಟು ಅತಿರೇಕಕ್ಕೆ ಹೋಗುವುದು ಕಡಿಮೆ. ಆದರೆ ದಿಕ್ಕು ಇದೇ. ದೀಪಗಳು ಇದ್ದಕ್ಕಿದ್ದಂತೆ ವಿಪರೀತ ಪ್ರಕಾಶಮಾನವಾದರೆ, ಫ್ಯಾನ್ ಹುಚ್ಚೆದ್ದು ತಿರುಗಿದರೆ, ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಆಫ್ ಮಾಡಿ.

ಶಿವನಸಮುದ್ರದ ತಂತಿ

"ಸ್ವಂತ ತುದಿಗಳ ವೋಲ್ಟೇಜ್" ಎಂಬ ಮಾತು ಮರೆತರೆ ಎಷ್ಟು ದೊಡ್ಡ ತಪ್ಪಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಯಿತು. ದೂರ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಅದು ಜಗತ್ತೇ ಗಮನಿಸಿದ ಸಾಹಸ. ಬೆಂಗಳೂರಿನ ಬೀದಿದೀಪಗಳಿಗೆ ವಿದ್ಯುತ್ ಬಂದದ್ದು ಅದಾದ ಮೇಲೆ, 1905ರಲ್ಲಿ. ಗಣಿಯ ಲೈನಿನ ವೋಲ್ಟೇಜ್ ಮೂವತ್ತು ಸಾವಿರ ವೋಲ್ಟಿನ ಮಟ್ಟದ್ದು. ಅಷ್ಟೊಂದು ಯಾಕೆ?

ಒಂದು ಸರಳ ಲೆಕ್ಕ ಮಾಡೋಣ. ಮೂರು ಫೇಸಿನ ವಿವರ ಸದ್ಯಕ್ಕೆ ಬಿಟ್ಟುಬಿಡೋಣ, ಅಂಕಿಗಳನ್ನೂ ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡಿದ್ದೇನೆ. ಕಳಿಸಬೇಕಾದದ್ದು 30 ಲಕ್ಷ ವ್ಯಾಟ್, ತಂತಿಯ ಒಟ್ಟು ರೋಧ 10 ಓಮ್. 30,000 ವೋಲ್ಟಿನಲ್ಲಿ ಕಳಿಸಿದರೆ ಕರೆಂಟ್ 100 ಆಂಪಿಯರ್. ತಂತಿಯಲ್ಲಿ ಬಿಸಿಯಾಗಿ ಹೋಗುವುದು 100 × 100 × 10, ಅಂದರೆ ಒಂದು ಲಕ್ಷ ವ್ಯಾಟ್. ಮೂವತ್ತರಲ್ಲಿ ಒಂದು ಪಾಲು. ಪರವಾಗಿಲ್ಲ. ಅದೇ 3,000 ವೋಲ್ಟಿನಲ್ಲಿ ಕಳಿಸಲು ಹೊರಟರೆ ಕರೆಂಟ್ 1,000 ಆಂಪಿಯರ್ ಬೇಕು. ತಂತಿಯಲ್ಲೇ ಒಂದು ಕೋಟಿ ವ್ಯಾಟ್ ನಷ್ಟ! ಕಳಿಸಬೇಕಾದದ್ದಕ್ಕಿಂತ ನಷ್ಟವೇ ಮೂರು ಪಟ್ಟು ಜಾಸ್ತಿ. ಅಂದರೆ ಕಳಿಸಲು ಸಾಧ್ಯವೇ ಇಲ್ಲ.

ಇಲ್ಲಿ ಚುರುಕಾದ ವಿದ್ಯಾರ್ಥಿ ಒಂದು ಪ್ರಶ್ನೆ ಎತ್ತುತ್ತಾನೆ. ಭಾಗಾಕಾರದ ಸೂತ್ರದ ಪ್ರಕಾರ 30,000ದ ವರ್ಗವನ್ನು 10ರಿಂದ ಭಾಗಿಸಿದರೆ 9 ಕೋಟಿ ವ್ಯಾಟ್ ಬರುತ್ತದೆ, ಹೈ ವೋಲ್ಟೇಜಿನಲ್ಲೇ ನಷ್ಟ ಜಾಸ್ತಿ ಅಲ್ವಾ? ಪ್ರಶ್ನೆ ಒಳ್ಳೆಯದು. ಆದರೆ ಆ 30,000 ವೋಲ್ಟ್ ತಂತಿಯ ಈ ತುದಿಗೂ ಆ ತುದಿಗೂ ನಡುವಿನದಲ್ಲ. ಅದು ಹೋಗುವ ತಂತಿಗೂ ಬರುವ ತಂತಿಗೂ ನಡುವಿನದು. ತಂತಿಯ ಉದ್ದಕ್ಕೂ ಇಳಿಯುವುದು 100 × 10, ಅಂದರೆ 1,000 ವೋಲ್ಟ್ ಮಾತ್ರ. 1,000ದ ವರ್ಗವನ್ನು 10ರಿಂದ ಭಾಗಿಸಿ. ಒಂದು ಲಕ್ಷ ವ್ಯಾಟೇ ಬರುತ್ತದೆ.

ರೋಧವೂ ಸುಮ್ಮನೆ ಕೂರುವುದಿಲ್ಲ

ಇಲ್ಲಿವರೆಗೆ ರೋಧ ಬದಲಾಗುವುದಿಲ್ಲ ಎಂದುಕೊಂಡು ಲೆಕ್ಕ ಮಾಡಿದೆವು. ಓಮ್‌ನ ನಿಯಮ ಹೇಳುವುದೂ ಅದನ್ನೇ: ತಾಪ ಬದಲಾಗದಿದ್ದರೆ ಲೋಹದ ತಂತಿಯಲ್ಲಿ ವೋಲ್ಟೇಜ್ ಏರಿದಷ್ಟೇ ಪ್ರಮಾಣದಲ್ಲಿ ಕರೆಂಟೂ ಏರುತ್ತದೆ. ಜರ್ಮನಿಯ ಗೇಯೋರ್ಗ್ ಓಮ್ ಇದನ್ನು ಕಂಡುಕೊಂಡಾಗ ಕಲೋನ್ ನಗರದಲ್ಲಿ ಶಾಲಾ ಶಿಕ್ಷಕರು. ಆಗಿನ ಬ್ಯಾಟರಿಗಳು ನೋಡುನೋಡುತ್ತಲೇ ದುರ್ಬಲವಾಗುತ್ತಿದ್ದವು. ವೋಲ್ಟೇಜೇ ನಿಲ್ಲದಿದ್ದರೆ ನಿಯಮ ಹುಡುಕುವುದು ಹೇಗೆ? ಅವರು ಬ್ಯಾಟರಿ ಬಿಟ್ಟು ಬಿಸ್ಮತ್ ಮತ್ತು ತಾಮ್ರ ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟರು. ಆ ತಾಪದ ವ್ಯತ್ಯಾಸ ಸಣ್ಣದಾದರೂ ಅಲುಗಾಡದ ವೋಲ್ಟೇಜ್ ಕೊಟ್ಟಿತು. ಒಂದನ್ನು ಸ್ಥಿರವಾಗಿ ಹಿಡಿದಿಟ್ಟು ಇನ್ನೊಂದನ್ನು ಅಳೆಯುವ ಈ ಜಾಣ್ಮೆಯ ಮೇಲೆ ನನಗೆ ತುಂಬಾ ಗೌರವ. 1827ರಲ್ಲಿ ಅವರ ಪುಸ್ತಕ ಬಂತು. ತಕ್ಷಣ ಮನ್ನಣೆ ಸಿಗಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ಕರೆಂಟಿನ ವರ್ಗಕ್ಕೆ ತಕ್ಕಂತೆ ತಂತಿ ಬಿಸಿಯಾಗುತ್ತದೆ ಎಂದು ಇಂಗ್ಲೆಂಡಿನ ಜೇಮ್ಸ್ ಜೂಲ್ ಪ್ರಕಟಿಸಿದ್ದೂ ಅದೇ ವರ್ಷ.

"ತಾಪ ಬದಲಾಗದಿದ್ದರೆ" ಎಂಬ ಷರತ್ತು ಹಳೇ ಬಲ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. 60 ವ್ಯಾಟಿನ ಫಿಲಮೆಂಟ್ ಬಲ್ಬಿಗೆ ಲೆಕ್ಕದ ಪ್ರಕಾರ 882 ಓಮ್ ಇರಬೇಕು. ಆರಿದ ಬಲ್ಬಿಗೆ ಮಲ್ಟಿಮೀಟರ್ ಹಿಡಿದರೆ ತೋರಿಸುವುದು ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಮೀಟರ್ ಕೆಟ್ಟಿಲ್ಲ. ಟಂಗ್‌ಸ್ಟನ್ ಎರಡು ಸಾವಿರ ಡಿಗ್ರಿ ದಾಟಿ ಉರಿಯುವಾಗ ಮಾತ್ರ ಅದರ ರೋಧ 882 ಓಮ್. ಸ್ವಿಚ್ ಹಾಕಿದ ಕ್ಷಣದಲ್ಲಿ ತಂತಿ ತಣ್ಣಗಿರುವುದರಿಂದ ಹತ್ತು ಪಟ್ಟಿಗೂ ಜಾಸ್ತಿ ಕರೆಂಟ್ ನುಗ್ಗುತ್ತದೆ. ಹಳೇ ಬಲ್ಬ್‌ಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ "ಟಪ್" ಎಂದು ಹೋಗುತ್ತಿದ್ದದ್ದು ಇದಕ್ಕೇ. ಗೀಸರ್, ಇಸ್ತ್ರಿಪೆಟ್ಟಿಗೆಯಲ್ಲಿ ಬಳಸುವ ನಿಕ್ರೋಮ್ ತಂತಿಯ ರೋಧ ಬಿಸಿಗೆ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಅಲ್ಲಿ ಲೆಕ್ಕ ನಂಬಬಹುದು.

ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್‌ಗಳ ಕಥೆ ಬೇರೆ. ಅವುಗಳ ಒಳಗೆ ಕರೆಂಟನ್ನು ಹಿಡಿತದಲ್ಲಿಡುವ ಸರ್ಕಿಟ್ ಇರುತ್ತದೆ. ಭಾಗಾಕಾರ ಮಾಡಿ ಬಂದ ಓಮ್ ಅಂಕಿಯಿಂದ ಅಲ್ಲಿ ಏನೂ ಉಪಯೋಗವಿಲ್ಲ. ಫ್ಯಾನ್, ಮೋಟರ್‌ಗಳಲ್ಲಿ ವೋಲ್ಟೇಜ್ ಮತ್ತು ಕರೆಂಟ್ ಒಂದೇ ಹೆಜ್ಜೆಯಲ್ಲಿ ಏರಿಳಿಯುವುದಿಲ್ಲ. ಆದ್ದರಿಂದ ಎರಡರ ಗುಣಲಬ್ಧವನ್ನು ಪವರ್ ಫ್ಯಾಕ್ಟರ್ ಎಂಬ ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದಲೂ ಗುಣಿಸಿದರೆ ಮಾತ್ರ ನಿಜವಾದ ವ್ಯಾಟ್ ಸಿಗುತ್ತದೆ.

ಲೋ ವೋಲ್ಟೇಜಿನಲ್ಲಿ ಮೋಟರ್

ಗೀಸರ್ ಲೋ ವೋಲ್ಟೇಜಿನಲ್ಲಿ ಕಡಿಮೆ ಕರೆಂಟ್ ಎಳೆಯುತ್ತದೆ. ಪಂಪ್‌ಸೆಟ್ ಮೋಟರ್ ಜಾಸ್ತಿ ಎಳೆಯುತ್ತದೆ. ಅದೇ ಲೈನ್, ಅದೇ ಸಂಜೆ. ಯಾಕೆ ಹೀಗೆ?

ಮೋಟರ್ ವೈಂಡಿಂಗಿನ, ಅಂದರೆ ಅದರೊಳಗೆ ಸುತ್ತಿದ ತಂತಿಯ, ರೋಧ ಕೆಲವೇ ಓಮ್. ಬರೀ ರೋಧವೇ ಕರೆಂಟನ್ನು ತಡೆಯಬೇಕಾಗಿದ್ದರೆ ಮೋಟರ್ ಹಚ್ಚಿದ ಕೂಡಲೇ ಸುಟ್ಟುಹೋಗುತ್ತಿತ್ತು. ಮೋಟರ್ ತಿರುಗುವಾಗ ವೈಂಡಿಂಗಿನೊಳಗೇ ಲೈನಿಗೆ ಎದುರಾದ ಒಂದು ವೋಲ್ಟೇಜ್ ಹುಟ್ಟುತ್ತದೆ. ಹರಿಯುವ ಕರೆಂಟನ್ನು ಹತೋಟಿಯಲ್ಲಿಡುವುದು ಅದು. ಇತ್ತ ಪಂಪಿಗೆ ಬಾವಿಯ ಆಳ ಬದಲಾಗಿಲ್ಲ, ಎತ್ತಬೇಕಾದ ನೀರೂ ಹೆಚ್ಚುಕಡಿಮೆ ಅಷ್ಟೇ. ವೇಗ ಸ್ವಲ್ಪವೇ ತಗ್ಗುತ್ತದೆ. ಆದ್ದರಿಂದ ಬೇಕಾದ ಪವರ್ ಹೆಚ್ಚು ಇಳಿಯುವುದಿಲ್ಲ. ಇಲ್ಲಿ ಸ್ಥಿರವಾಗಿ ನಿಂತಿರುವುದು ವೋಲ್ಟೇಜೂ ಅಲ್ಲ, ಕರೆಂಟೂ ಅಲ್ಲ, ಪವರ್. ವೋಲ್ಟೇಜ್ ಇಳಿದರೆ ಕರೆಂಟ್ ಏರಲೇಬೇಕು.

5 ಎಚ್‌ಪಿ ಮೋಟರ್ ನೋಡೋಣ. ಒಂದು ಎಚ್‌ಪಿ 746 ವ್ಯಾಟ್, ಹಾಗಾಗಿ ಶಾಫ್ಟಿನಲ್ಲಿ 3,730 ವ್ಯಾಟ್. ದಕ್ಷತೆ ಶೇ. 80, ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ 415 ವೋಲ್ಟಿನಲ್ಲಿ ಪ್ರತಿ ಫೇಸಿಗೆ ಸುಮಾರು 8.1 ಆಂಪಿಯರ್ ಬರುತ್ತದೆ. ಮೂರು ಫೇಸ್ ಆದ್ದರಿಂದ ಭಾಗಿಸುವಾಗ 1.732 ಕೂಡ ಸೇರುತ್ತದೆ. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ತೋಟದಲ್ಲಿ ವೋಲ್ಟೇಜ್ 330ಕ್ಕೆ ಇಳಿದರೆ ಕರೆಂಟ್ 10.2 ಆಂಪಿಯರ್. ಏರಿದ್ದು ನಾಲ್ಕನೇ ಒಂದು ಭಾಗ ಎನಿಸಬಹುದು. ಆದರೆ ವೈಂಡಿಂಗಿನ ಬಿಸಿಗೆ ಕರೆಂಟಿನ ವರ್ಗ ಬೇಕು. 1.26 × 1.26, ಅಂದರೆ ಹೆಚ್ಚುಕಡಿಮೆ 1.58. ಬಿಸಿ ಒಂದೂವರೆ ಪಟ್ಟು ದಾಟಿತು. ತಂತಿಯ ಮೇಲಿನ ಇನ್ಸುಲೇಷನ್ ಇದನ್ನು ಹೆಚ್ಚು ದಿನ ತಡೆಯುವುದಿಲ್ಲ. ತಿರುಗುತ್ತಿರುವಾಗಲೇ ಒಂದು ಫೇಸ್ ಹೋದರಂತೂ ಉಳಿದ ಎರಡರಲ್ಲಿ ಕರೆಂಟ್ ಸುಮಾರು 1.7 ಪಟ್ಟು ಆಗುತ್ತದೆ, ಬಿಸಿ ಮೂರು ಪಟ್ಟು.

ಸ್ಟಾರ್ಟರಿನ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಭಾಗ) ಇರುವುದು ಇದಕ್ಕೇ. ಅದನ್ನು ಮೋಟರಿನ ತಗಡಿನ ಮೇಲೆ ಬರೆದ ಆಂಪಿಯರಿಗೆ ಹೊಂದಿಸಬೇಕು. "ಪದೇ ಪದೇ ಟ್ರಿಪ್ ಆಗುತ್ತೆ" ಎಂದು ತಿರುಗಿಸಿ ಮೇಲಕ್ಕೆ ಇಡುವುದು, ಇಲ್ಲವೇ ಬೈಪಾಸ್ ಮಾಡುವುದು ತುಂಬಾ ಕಡೆ ನಡೆಯುತ್ತದೆ. ಬೆಳೆ ಒಣಗುತ್ತಿರುವಾಗ ರೈತರಿಗೆ ಇರುವ ಒತ್ತಡ ದೊಡ್ಡದು, ಅದು ಅರ್ಥವಾಗುತ್ತದೆ. ಆದರೂ ಆ ರಿಲೇ ಬೀಳುತ್ತಿರುವುದು ವೈಂಡಿಂಗಿನ ಬಿಸಿ ಒಂದೂವರೆ ಪಟ್ಟು ಆಗಿದೆ ಎಂದು ತಿಳಿಸಲು. ರೀವೈಂಡಿಂಗ್ ಖರ್ಚು, ಬಾವಿಯಿಂದ ಮೋಟರ್ ಎತ್ತುವ ಖರ್ಚು, ನೀರಿಲ್ಲದ ದಿನಗಳು, ಇವುಗಳ ಮುಂದೆ ಟ್ರಿಪ್ ಆಗುವ ಕಿರಿಕಿರಿ ಸಣ್ಣದು.

ಲೈನೇ ದುರ್ಬಲವಾಗಿದೆಯೋ, ನಮ್ಮ ಜೋಡಣೆ ಸಡಿಲವಾಗಿದೆಯೋ ಎಂದು ತಿಳಿಯಲು ಇದೇ ಭಾಗಾಕಾರ ಸಾಕು. ಮನೆಯ ಮಟ್ಟಿಗೆ ಹೇಳುತ್ತೇನೆ. ದೊಡ್ಡ ಲೋಡ್ ಯಾವುದೂ ಇಲ್ಲದಾಗ ಮೀಟರಿನ ಪರದೆಯಲ್ಲಿ 232 ವೋಲ್ಟ್ ಇದೆ. ಗೀಸರ್ ಹಾಕಿದ ತಕ್ಷಣ 224 ಆಯಿತು. 26.45 ಓಮ್ ಗೀಸರ್ 224 ವೋಲ್ಟಿನಲ್ಲಿ ಎಳೆಯುವುದು 8.47 ಆಂಪಿಯರ್. ಇಳಿದ 8 ವೋಲ್ಟನ್ನು 8.47ರಿಂದ ಭಾಗಿಸಿದರೆ ಸುಮಾರು 0.94 ಓಮ್. ಟಿಸಿಯಿಂದ ನಿಮ್ಮ ಮೀಟರಿನವರೆಗಿನ ದಾರಿಯ ರೋಧ ಅದು. ಅಲ್ಲಿ ಸುಡುತ್ತಿರುವುದು 8 × 8.47, ಅಂದರೆ 68 ವ್ಯಾಟ್. ಬೇರೆ ಬೇರೆ ಹೊತ್ತಿನಲ್ಲಿ ಇದನ್ನೇ ಕೆಲವು ಸಲ ನೋಡಿ, ಯಾಕೆಂದರೆ ಅದೇ ಕ್ಷಣಕ್ಕೆ ಪಕ್ಕದ ಮನೆಯವರೂ ಏನಾದರೂ ಹಾಕಿರಬಹುದು. ಪಕ್ಕದ ಮನೆಯಲ್ಲಿ ಅದೇ ಲೋಡಿಗೆ ಎರಡು ವೋಲ್ಟ್ ಇಳಿದು, ನಿಮ್ಮಲ್ಲಿ ಯಾವಾಗಲೂ ಎಂಟು ಇಳಿಯುತ್ತಿದ್ದರೆ ಬೀದಿಯ ಲೈನಿನ ತಪ್ಪಲ್ಲ. ಕಂಬದಿಂದ ನಿಮ್ಮ ಮೀಟರಿಗೆ ಬರುವ ಸರ್ವಿಸ್ ವೈರಿನಲ್ಲಿ, ಹೆಚ್ಚಾಗಿ ಅದನ್ನು ಕಂಬದ ಮೇಲೆ ಸುತ್ತಿದ ಜಾಗದಲ್ಲಿ, ಹಿಡಿತ ಸಡಿಲಾಗಿರುತ್ತದೆ. ಅದನ್ನು ನಾವು ಮುಟ್ಟುವಂತಿಲ್ಲ. ಲೈನ್‌ಮನ್ ಬಂದಾಗ "ವೋಲ್ಟೇಜ್ ಸರಿಯಿಲ್ಲ" ಎನ್ನುವ ಬದಲು "ಗೀಸರ್ ಹಾಕಿದರೆ ಎಂಟು ವೋಲ್ಟ್ ಇಳಿಯುತ್ತೆ, ಪಕ್ಕದವರಿಗೆ ಎರಡೇ ಇಳಿಯೋದು, ಕಂಬದ ಮೇಲಿನ ಜಾಯಿಂಟ್ ನೋಡಿ" ಎಂದು ಹೇಳಿ.